ತೆಳು ಲ್ಯಾಪ್‌ಟಾಪಿನ ಲ್ಯಾನ್ ಅಡಾಪ್ಟರ್ ಕೈಕೊಟ್ಟಾಗ: ದೋಷ ಹುಡುಕುವ ಬಗೆ, ಹೊಸತನ್ನು ಆರಿಸುವ ಬಗೆ

ಲ್ಯಾಪ್‌ಟಾಪ್ ತೆಳುವಾಗುತ್ತಾ ಹೋದ ಹಾಗೆ ಲ್ಯಾನ್ ಕೇಬಲ್ ಚುಚ್ಚುವ ಪೋರ್ಟಿಗೆ ಜಾಗವಿಲ್ಲದಾಯಿತು. 2008ರಲ್ಲಿ ಬಂದ ಮೊದಲ ಮ್ಯಾಕ್‌ಬುಕ್ ಏರ್‌ನಲ್ಲೇ ಅದು ಇರಲಿಲ್ಲ. ಬೇಕಾದವರು ಯುಎಸ್‌ಬಿ ಪೋರ್ಟಿಗೆ ಚುಚ್ಚಿ ಲ್ಯಾನ್ ಕೇಬಲ್ ಜೋಡಿಸುವ ಅಡಾಪ್ಟರನ್ನು ಬೇರೆಯೇ ಕೊಳ್ಳಬೇಕಿತ್ತು. ಈಗ ಹೆಚ್ಚಿನ ತೆಳು ಲ್ಯಾಪ್‌ಟಾಪ್‌ಗಳ ಕಥೆಯೂ ಅದೇ. ಪೇಟೆಯ ಫ್ಲ್ಯಾಟಿನಲ್ಲಿ ಇರುವವರಿಗೆ ವೈಫೈ ಸಾಕಾದೀತು. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಿ ಹಾಗಲ್ಲ. ದಪ್ಪದ ಕೆಂಪುಕಲ್ಲಿನ ಗೋಡೆ ಎರಡು ದಾಟುವಷ್ಟರಲ್ಲಿ ರೇಂಜ್ ಸೋತಿರುತ್ತದೆ; ಮಳೆಗಾಲದಲ್ಲಿ ಆ ಕಲ್ಲು ನೀರು ಕುಡಿದು ಕೂತಾಗ ಇನ್ನೂ ಕಷ್ಟ. ಚಾವಡಿಯಲ್ಲಿ ಮೋಡೆಮ್ ಇದ್ದು, ಉಪ್ಪರಿಗೆಯಲ್ಲಿ ಮಗಳು ಬೆಂಗಳೂರಿನ ಕಂಪೆನಿಗೆ ಕೆಲಸ ಮಾಡುತ್ತಿದ್ದರೆ ನಡುವೆ ಕೇಬಲ್ ಎಳೆಯುವುದೇ ದಾರಿ.

ಆ ಕೇಬಲಿನ ತುದಿಯ ಅಡಾಪ್ಟರ್ ಹಾಳಾಯಿತೆಂದು ಜನ ತಂದು ತೋರಿಸುವಾಗ ತಪ್ಪು ನಿಜವಾಗಿ ಅದರದ್ದೇ ಆಗಿರುವುದು ಕಡಿಮೆ. ಕೇಬಲ್, ಪೋರ್ಟ್, ನಡುವಿನ ಹಬ್ (ಒಂದು ಪೋರ್ಟನ್ನು ಹಲವಾಗಿಸುವ ಡಬ್ಬಿ), ಕರೆಂಟು ಉಳಿಸುವ ಸೆಟ್ಟಿಂಗ್, ಇವುಗಳದ್ದೇ ಹೆಚ್ಚು. ಅಡಾಪ್ಟರಿನದ್ದೇ ತಪ್ಪಾದಾಗಲೂ ಬ್ರ್ಯಾಂಡ್ ಬದಲಿಸಿದರೆ ಸಾಲದು, ಒಳಗಿನ ಚಿಪ್ ಬದಲಾಗಬೇಕು. ಹಾಗಾಗಿ ಹೊಸತಕ್ಕೆ ದುಡ್ಡು ಕೊಡುವ ಮೊದಲು ಹಳೆಯದರ ಕಾಯಿಲೆ ಏನೆಂದು ತಿಳಿಯಿರಿ. ಅದು ತಿಳಿದರೆ ಯಾವುದನ್ನು ಕೊಳ್ಳಬೇಕೆಂಬುದು ಅರ್ಧ ತೀರ್ಮಾನವಾದ ಹಾಗೆ.

ತಪ್ಪು ಮನೆಯೊಳಗಿನದ್ದೋ ಹೊರಗಿನದ್ದೋ

“ನೆಟ್ ಬರ್ತದೆ, ಹೋಗ್ತದೆ” ಎಂಬ ದೂರು ಕೇಳಿದ ಕೂಡಲೇ ಅಡಾಪ್ಟರಿಗೆ ಕೈ ಹಾಕಬೇಡಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ರೂಟರಿನ ವಿಳಾಸಕ್ಕೆ ಪಿಂಗ್ ಓಡಿಸಿ; ಆ ಕಡೆಯಿಂದ ಉತ್ತರ ಬರುತ್ತದೆಯೇ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿ ನೋಡುವ ಕಮಾಂಡ್ ಅದು. ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1, ಖಚಿತವಾಗಬೇಕಿದ್ದರೆ ಐಪಿಕಾನ್ಫಿಗ್ ಕಮಾಂಡ್ ಕೊಟ್ಟು ‘ಡಿಫಾಲ್ಟ್ ಗೇಟ್‌ವೇ’ ಎಂಬ ಸಾಲು ನೋಡಿ. ವಿಳಾಸದ ನಂತರ ಜಾಗ ಬಿಟ್ಟು ಹೈಫನ್, ಅದಕ್ಕೆ ಅಂಟಿಸಿ ಟಿ ಅಕ್ಷರ ಸೇರಿಸಿದರೆ ನೀವು ನಿಲ್ಲಿಸುವವರೆಗೆ ಪಿಂಗ್ ಓಡುತ್ತಲೇ ಇರುತ್ತದೆ. ಇನ್ನೊಂದು ವಿಂಡೋದಲ್ಲಿ ಅದನ್ನೇ 8.8.8.8ಕ್ಕೆ, ಅಂದರೆ ಹೊರಗಿನ ಇಂಟರ್‌ನೆಟ್ಟಿನಲ್ಲಿರುವ ಗೂಗಲ್ ಸರ್ವರಿಗೆ ಓಡಿಸಿ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನಿಮ್ಮ ಕೆಲಸ ಮುಂದುವರಿಸಿ.

ನೆಟ್ ಹೋದ ಗಳಿಗೆಯಲ್ಲಿ ರೂಟರಿನ ಪಿಂಗ್ ಸರಾಗವಾಗಿದ್ದು 8.8.8.8ರದ್ದು ಮಾತ್ರ ನಿಂತಿತೋ, ಅಡಾಪ್ಟರ್ ನಿರಪರಾಧಿ. ಎಲ್ಲೋ ಫೈಬರಿನ ಮೇಲೆ ಗೆಲ್ಲು ಬಿದ್ದಿರಬಹುದು. ಓಎನ್‌ಟಿ ಪೆಟ್ಟಿಗೆಯಲ್ಲಿ (ಮನೆಗೆ ಬರುವ ಫೈಬರ್ ಸೇರುವ ಮೋಡೆಮ್) ಎಲ್‌ಒಎಸ್ ದೀಪ, ಅಂದರೆ ಫೈಬರಿನಲ್ಲಿ ಸಂಕೇತ ಬರುತ್ತಿಲ್ಲವೆಂದು ಹೇಳುವ ದೀಪ, ಕೆಂಪಾಗಿದೆಯೇ ನೋಡಿ, ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿ. ಬಿಎಸ್‌ಎನ್‌ಎಲ್ ಫೈಬರ್ ಇರಲಿ, ಊರಿನ ಕೇಬಲ್‌ನವರದ್ದಿರಲಿ, 2023ರ ಜೂನ್ 5ರಂದು ಉದ್ಘಾಟನೆಯಾದ ಕೇರಳ ಸರ್ಕಾರದ ಫೈಬರ್ ಜಾಲ ಕೆ-ಫೋನ್ ಇರಲಿ, ಓಎನ್‌ಟಿವರೆಗಿನದ್ದನ್ನು ಅವರೇ ನೋಡಬೇಕು, ಅಲ್ಲಿಂದ ಈಚೆಗಿನದ್ದನ್ನು ನಾವೇ ನೋಡಿಕೊಳ್ಳಬೇಕು. ರೂಟರಿನ ಪಿಂಗೇ ನಿಂತರೆ, ಅಥವಾ ಅದರ ಸಮಯ ಒಂದು ಮಿಲಿಸೆಕೆಂಡಿನಿಂದ ನೂರಾರಕ್ಕೆ ಜಿಗಿದರೆ, ದೋಷ ಮನೆಯೊಳಗೇ ಉಂಟು.

ಮುಂದಿನ ಪರೀಕ್ಷೆಗೆ ಕಾಸಿನ ಖರ್ಚಿಲ್ಲ, ಆದರೂ ಮಾಡುವವರು ಕಡಿಮೆ. ಟೈಪ್-ಸಿ ಪೋರ್ಟಿನ ಆಂಡ್ರಾಯ್ಡ್ ಫೋನಿಗೆ ಇದೇ ಅಡಾಪ್ಟರನ್ನು, ಇದೇ ಕೇಬಲ್ ಸಮೇತ ಚುಚ್ಚಿ. ವೈಫೈಯನ್ನೂ ಮೊಬೈಲ್ ಡೇಟಾವನ್ನೂ ಆಫ್ ಮಾಡಿ. ಸಾಮಾನ್ಯ ಚಿಪ್‌ಗಳ ಡ್ರೈವರ್ ಬಹಳಷ್ಟು ಫೋನುಗಳಲ್ಲಿ ಮೊದಲೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಈಥರ್ನೆಟ್ (ಲ್ಯಾನ್ ಕೇಬಲಿನ ಸಂಪರ್ಕ) ಎಂದು ಬಂದು ನೆಟ್ ಓಡುತ್ತದೆ. ಟೈಪ್-ಸಿ ಬಂದ ಐಫೋನ್ 15 ಮತ್ತು ಅದರ ನಂತರದವುಗಳಲ್ಲೂ ಇದು ಸಾಧ್ಯ. ಫೋನಿನಲ್ಲಿ ಅರ್ಧ ಗಂಟೆ ವೀಡಿಯೊ ಎಡವದೆ ಓಡಿದರೆ ಅಡಾಪ್ಟರ್, ಕೇಬಲ್, ರೂಟರ್ ಮೂರೂ ಸರಿ ಇವೆ, ತಕರಾರು ಲ್ಯಾಪ್‌ಟಾಪಿನಲ್ಲಿ. ಫೋನಿನಲ್ಲೂ ಬಿದ್ದರೆ ಕೇಬಲ್ ಮಾತ್ರ ಬದಲಿಸಿ ಮತ್ತೆ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಕೇಬಲನ್ನೂ ಪೋರ್ಟನ್ನೂ ಒಟ್ಟಿಗೆ ಬದಲಿಸಿ “ಈಗ ಸರಿಯಾಯಿತು” ಎಂದರೆ ಯಾವುದು ಕೆಟ್ಟಿತ್ತೆಂದು ಯಾರಿಗೂ ತಿಳಿಯದು, ಮುಂದಿನ ವಾರ ಅದೇ ಕೆಟ್ಟ ಕೇಬಲ್ ಇನ್ನೊಂದು ಕೋಣೆಯಲ್ಲಿ ಹಾಜರು.

ಪೆಟ್ಟಿಗೆಯ ಹೆಸರು ಬಿಡಿ, ಚಿಪ್ಪಿನ ಹೆಸರು ಹುಡುಕಿ

ಅಂಗಡಿಯಲ್ಲಿ ಹತ್ತಾರು ಹೆಸರಿನ ಅಡಾಪ್ಟರುಗಳು ಸಿಗುತ್ತವೆ. ಒಳಗಿನ ಚಿಪ್ ತಯಾರಿಸುವವರು ಮಾತ್ರ ಬೆರಳೆಣಿಕೆಯಷ್ಟು. ತೈವಾನಿನ ರಿಯಲ್‌ಟೆಕ್ ಮತ್ತು ಏಸಿಕ್ಸ್ ಚಿಪ್‌ಗಳೇ ಹೆಚ್ಚು ಕಾಣಸಿಗುವುದು. ಅಮೆರಿಕದ ಮೈಕ್ರೋಚಿಪ್ ಕಂಪೆನಿಯದ್ದು ಅಲ್ಲೊಂದು ಇಲ್ಲೊಂದು. ಇನ್ನು ಹೆಸರೇ ಇಲ್ಲದ ಅಗ್ಗದ ಡಬ್ಬಿಗಳಲ್ಲಿ ಬರುವ ಹಳೆಯ ಕಾಲದ ಚಿಪ್‌ಗಳು.

ಯಾವುದು ಇದೆಯೆಂದು ತಿಳಿಯಲು ಡಬ್ಬಿ ಒಡೆಯಬೇಕಿಲ್ಲ. ಡಿವೈಸ್ ಮ್ಯಾನೇಜರ್ ತೆರೆದು ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ಇದರ ಹೆಸರಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್, ಅಲ್ಲಿ ‘ಹಾರ್ಡ್‌ವೇರ್ ಐಡಿ’ ಆರಿಸಿ. ತಯಾರಕರ ಗುರುತಾದ ವಿಐಡಿ ಎಂಬುದರ ಮುಂದೆ 0ಬಿಡಿಎ ಇದ್ದರೆ ರಿಯಲ್‌ಟೆಕ್, 0ಬಿ95 ಇದ್ದರೆ ಏಸಿಕ್ಸ್. ಪಿಐಡಿ ಎಂಬುದರ ಮುಂದಿನ ಅಂಕಿ ಮಾದರಿಯನ್ನು ಹೇಳುತ್ತದೆ. ರಿಯಲ್‌ಟೆಕ್‌ನಲ್ಲಿ 8152 ಬಂದರೆ ಅದು ಯುಎಸ್‌ಬಿ 2.0, ಸೆಕೆಂಡಿಗೆ 100 ಮೆಗಾಬಿಟ್. 8153 ಬಂದರೆ ಯುಎಸ್‌ಬಿ 3.0, ಗಿಗಾಬಿಟ್. 8156 ಬಂದರೆ 2.5 ಗಿಗಾಬಿಟ್. ಏಸಿಕ್ಸ್‌ನಲ್ಲಿ 1790 ಎಂದಿದ್ದರೆ ಎಎಕ್ಸ್88179 ಕುಟುಂಬದ ಗಿಗಾಬಿಟ್ ಚಿಪ್. 772ರಿಂದ ಶುರುವಾಗುವುದು 100 ಮೆಗಾಬಿಟ್ಟಿನದ್ದು.

ವಿಐಡಿ 0ಎಫ್‌ಇ6, ಪಿಐಡಿ 9700 ಎಂದು ಕಂಡರೆ ಅಲ್ಲಿಗೆ ತನಿಖೆ ಮುಗಿಸಬಹುದು. ಅದು ಯುಎಸ್‌ಬಿ 1.1 ಕಾಲದ ಚಿಪ್. ಲ್ಯಾನ್ ಕಡೆಗೆ 100 ಮೆಗಾಬಿಟ್ ಎಂದು ತೋರಿಸುತ್ತದೆ, ಲ್ಯಾಪ್‌ಟಾಪ್ ಕಡೆಗೆ ಮಾತ್ರ ಗರಿಷ್ಠ 12 ಮೆಗಾಬಿಟ್. ಆರು ಲೇನಿನ ಹೆದ್ದಾರಿಯನ್ನು ತಂದು ತೋಡಿನ ಅಡಿಕೆ ಮರದ ಸಂಕಕ್ಕೆ ಸೇರಿಸಿದ ಹಾಗೆ. ಅದರಲ್ಲಿ ಯಾವ ಸೆಟ್ಟಿಂಗ್ ಬದಲಿಸಿದರೂ ವೇಗ ಏರುವುದಿಲ್ಲ. ಜೊತೆಗೆ ಇಂಥ ಅಗ್ಗದ ಅಡಾಪ್ಟರುಗಳಲ್ಲಿ ಇನ್ನೊಂದು ಪೀಡೆ: ಹಲವು ಅಡಾಪ್ಟರುಗಳಿಗೆ ಒಂದೇ ಮ್ಯಾಕ್ ಅಡ್ರೆಸ್ (ಜಾಲದಲ್ಲಿ ಪ್ರತಿ ಸಾಧನಕ್ಕೂ ಬೇರೆಬೇರೆ ಇರಬೇಕಾದ ಗುರುತಿನ ಸಂಖ್ಯೆ) ಹಾಕಿ ಕಳಿಸಿರುತ್ತಾರೆ. ಕಚೇರಿಗೆಂದು ಒಂದೇ ನಮೂನೆಯ ಎರಡು ತಂದು ಒಂದೇ ರೂಟರಿಗೆ ಹಾಕಿದರೆ ಒಬ್ಬರ ನೆಟ್ ಬಂದಾಗ ಇನ್ನೊಬ್ಬರದ್ದು ಹೋಗುತ್ತದೆ. ಒಂದೊಂದನ್ನೇ ಪರೀಕ್ಷಿಸಿದಾಗ ಎರಡೂ ಸರಿಯಾಗಿಯೇ ಓಡುವುದರಿಂದ ತಲೆ ಕೆಡುತ್ತದೆ. ಐಪಿಕಾನ್ಫಿಗ್ ಕಮಾಂಡಿಗೆ ಜಾಗ ಬಿಟ್ಟು ಓರೆಗೆರೆ (/), ಅದಕ್ಕೆ ಅಂಟಿಸಿ ‘ಆಲ್’ ಸೇರಿಸಿ ಕೊಟ್ಟರೆ ‘ಫಿಸಿಕಲ್ ಅಡ್ರೆಸ್’ ಕಾಣಿಸುತ್ತದೆ. ಎರಡು ಲ್ಯಾಪ್‌ಟಾಪಿನಲ್ಲೂ ಒಂದೇ ಇದ್ದರೆ ಕಳ್ಳ ಸಿಕ್ಕ ಹಾಗೆ.

“ಬಾಕ್ಸಿನಲ್ಲಿ ಯುಎಸ್‌ಬಿ 3.0 ಅಂತ ಬರೆದುಂಟಲ್ಲ ಮಾರಾಯ್ರೆ, ಪ್ಲಗ್ ಕೂಡ ನೀಲಿ!” ಎಂದು ಶಾಲೆಯ ಮಾಷ್ಟ್ರೊಬ್ಬರು ವಾದಿಸಿದ್ದರು. ನೀಲಿ ಪ್ಲಾಸ್ಟಿಕ್ ಹಾಕಲು ಯಾರ ಅಪ್ಪಣೆಯೂ ಬೇಡ, ಮಾಷ್ಟ್ರೇ. ಪ್ಲಗ್ಗಿನ ಬಾಯೊಳಗೆ ಟಾರ್ಚ್ ಹಾಕಿ ನೋಡಿ. ಅಗಲದ ಹಳೆ ನಮೂನೆಯ ಪ್ಲಗ್ಗಿನಲ್ಲಿ ಮುಂದೆ ನಾಲ್ಕು ಉದ್ದದ ಪಟ್ಟಿ, ಹಿಂದೆ ಇನ್ನೂ ಐದು ಸಣ್ಣ ಪಟ್ಟಿ ಇದ್ದರೆ ಮಾತ್ರ ಅದು 3.0. ಹಿಂದಿನ ಐದು ಇಲ್ಲದಿದ್ದರೆ ಬಣ್ಣ ಯಾವುದಾದರೂ ಅದು 2.0. ಟೈಪ್-ಸಿಯಲ್ಲಿ ಹೀಗೆ ಕಣ್ಣಿಂದ ಗುರುತಿಸಲು ಆಗುವುದಿಲ್ಲ, ಅಲ್ಲಿ ಹಾರ್ಡ್‌ವೇರ್ ಐಡಿಯೇ ಗತಿ.

ಚುಚ್ಚಿದರೂ ಗುರುತೇ ಹಿಡಿಯದಿದ್ದರೆ

ಇದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಬೇರೆ ಪೋರ್ಟಿಗೆ ಹಾಕಿ ನೋಡಿ. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನ ಬಂದರೆ ಡ್ರೈವರ್ ಬೇಕು ಎಂದರ್ಥ. ಫೋನಿನ ಹಾಟ್‌ಸ್ಪಾಟಿನಿಂದ ವಿಂಡೋಸ್ ಅಪ್‌ಡೇಟ್ ಮಾಡಿದರೆ ಹೆಚ್ಚಾಗಿ ತಾನೇ ಬರುತ್ತದೆ, ಇಲ್ಲವಾದರೆ ಚಿಪ್ ತಯಾರಕರ ಜಾಲತಾಣದಿಂದ ಇಳಿಸಿಕೊಳ್ಳಿ. ಕೆಲವು ಅಡಾಪ್ಟರುಗಳು ಮೊದಲ ಸಲ ಸಿಡಿ ಡ್ರೈವಿನ ವೇಷದಲ್ಲಿ ಕಾಣಿಸಿಕೊಳ್ಳುತ್ತವೆ. ಡ್ರೈವರ್ ಆ ಸಿಡಿಯೊಳಗೇ ಇರುತ್ತದೆ. ಅದನ್ನು ಹಾಕಿದ ಮೇಲೆ ನಿಜರೂಪ ಬರುತ್ತದೆ. ಟೈಪ್-ಸಿ ಪೋರ್ಟುಗಳಲ್ಲಿ ಚಾರ್ಜಿಗೆ ಮಾತ್ರ ಇರುವಂಥದ್ದೂ ಉಂಟೆಂಬುದು ನೆನಪಿರಲಿ.

ಕುಂಬಳೆ, ಮಂಜೇಶ್ವರದಂಥ ಕಡಲ ಬದಿಯಲ್ಲಿ ಇನ್ನೊಂದನ್ನು ನೋಡಲೇಬೇಕು. ಉಪ್ಪುಗಾಳಿಗೆ ಪೋರ್ಟಿನ ಒಳಗಿನ ಪಟ್ಟಿಗಳು ಕಿಲುಬು ಹಿಡಿಯುತ್ತವೆ. ತಿಂಗಳುಗಟ್ಟಲೆ ಖಾಲಿ ಬಿಟ್ಟ ಲ್ಯಾನ್ ಸಾಕೆಟ್ಟಿನಲ್ಲಿ ಇರುವೆ ಸಂಸಾರ ಹೂಡುವುದೂ ಉಂಟು. ಕರೆಂಟಿನಿಂದ ಎಲ್ಲವನ್ನೂ ಬಿಡಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಮೆತ್ತಗಿನ ಬ್ರಶ್ಶಿನಿಂದ ಒರೆಸಿ, ಒಣಗಲು ಬಿಡಿ. ಪಿನ್ನು, ಸೂಜಿ ಹಾಕಿ ಕೆರೆಯಬೇಡಿ. ಒಳಗಿನ ತಂತಿಗಳು ಸ್ಪ್ರಿಂಗಿನಂಥವು, ಒಮ್ಮೆ ಬಾಗಿದರೆ ಮತ್ತೆ ಎದ್ದು ನಿಲ್ಲುವುದಿಲ್ಲ.

ಲಿಂಕ್ ಇದೆ, ವೇಗ ಇಲ್ಲ

ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಈಥರ್ನೆಟ್ ಎಂದು ಹೋದರೆ ‘ಲಿಂಕ್ ಸ್ಪೀಡ್’ ಸಿಗುತ್ತದೆ. ಇದು ಇಂಟರ್‌ನೆಟ್ಟಿನ ವೇಗವಲ್ಲ, ಅಡಾಪ್ಟರಿಗೂ ಎದುರಿನ ರೂಟರಿಗೂ ನಡುವೆ ಆದ ಒಪ್ಪಂದ. ಗಿಗಾಬಿಟ್ ಅಡಾಪ್ಟರ್, ಗಿಗಾಬಿಟ್ ರೂಟರ್ ಇದ್ದೂ 100 ಎಂದು ತೋರಿಸಿದರೆ ಕೈ ಕೇಬಲಿನ ಮೇಲೆ ಹೋಗಬೇಕು. ಕೇಬಲಿನಲ್ಲಿ ನಾಲ್ಕು ಜೋಡಿ ತಂತಿ. 100 ಮೆಗಾಬಿಟ್ಟಿಗೆ ಎರಡು ಜೋಡಿ ಸಾಕು; ಸಾಮಾನ್ಯವಾಗಿ ತುದಿಗೆ ಪ್ಲಗ್ ಕೂರಿಸುವ (ಕ್ರಿಂಪ್ ಮಾಡುವ) ಕ್ರಮದಲ್ಲಿ ಅವು ಕಿತ್ತಳೆ ಮತ್ತು ಹಸಿರು. ಗಿಗಾಬಿಟ್ಟಿಗೆ ನಾಲ್ಕೂ ಬೇಕು. ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದೇ ಒಂದು ಎಳೆ ತುಂಡಾದರೂ ಗಿಗಾಬಿಟ್ ನಿಲ್ಲುವುದಿಲ್ಲ. ಒಂದೋ 100ಕ್ಕೆ ಇಳಿದು ಕೂರುತ್ತದೆ, ಇಲ್ಲವೇ ಲಿಂಕ್ ಬಂದು ಹೋಗಿ ಮಾಡುತ್ತದೆ. ಅಟ್ಟದ ಮೇಲೆ ಹಾಯಿಸಿದ ಕೇಬಲಾದರೆ ಇಲಿಯನ್ನು ಮೊದಲ ಆರೋಪಿಯಾಗಿ ಇಟ್ಟುಕೊಳ್ಳಿ.

ಕೇಬಲ್ ಅಗ್ಗಕ್ಕೆ ಸಿಕ್ಕಿದೆಯೆಂದಾದರೆ ತುದಿಯಲ್ಲಿ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ವ್ಯಾಪಾರದ ಮಾತಿನಲ್ಲಿ ಸಿಸಿಎ. ನಾಲ್ಕು ಸಲ ಬಾಗಿಸಿದರೆ ಒಳಗೇ ಮುರಿಯುತ್ತದೆ, ದೂರ ಹೋದಂತೆ ಸಂಕೇತ ಸೊರಗುತ್ತದೆ. ಪೂರ್ತಿ ತಾಮ್ರದ ಕ್ಯಾಟ್5ಇ ಅಥವಾ ಕ್ಯಾಟ್6 ಕೇಬಲಿಗೆ 100 ಮೀಟರ್ ಮಿತಿ. ಮನೆಯೊಳಗೆ ಅಷ್ಟು ಧಾರಾಳ ಸಾಕು.

ಇನ್ನೊಂದು ಬಗೆಯ ನಿಧಾನ ಉಂಟು. ಲಿಂಕ್ ಸ್ಪೀಡ್ 1000 ಎಂದೇ ಇದೆ, ಆದರೆ ಮನೆಯೊಳಗಿನ ಎರಡು ಕಂಪ್ಯೂಟರುಗಳ ನಡುವೆ ಫೈಲ್ ಸಾಗಿಸಿದರೆ ಸೆಕೆಂಡಿಗೆ 300 ಮೆಗಾಬಿಟ್ಟಿನ ಹತ್ತಿರವೇ ನಿಲ್ಲುತ್ತದೆ. ಎಲ್ಲ ಸರಿಯಿದ್ದಿದ್ದರೆ 940ರ ಸುತ್ತ ಬರಬೇಕಿತ್ತು. ಈ 300 ಎಂಬುದು ಯುಎಸ್‌ಬಿ 2.0 ಬಿಟ್ಟುಹೋದ ಹೆಜ್ಜೆಗುರುತು: ಅದರ ಲೆಕ್ಕದ ವೇಗ 480 ಆದರೂ ಕೈಗೆ ಸಿಗುವುದು ಅಷ್ಟೇ. ಅಂದರೆ 3.0 ಅಡಾಪ್ಟರ್ 2.0 ಆಗಿ ಓಡುತ್ತಿದೆ. ಕಾರಣ ಮೂರರಲ್ಲಿ ಒಂದು. ಪೋರ್ಟೇ 2.0 ಆಗಿರಬಹುದು, ಟೈಪ್-ಸಿ ಆಕಾರವಿದ್ದು ಒಳಗೆ 2.0 ಮಾತ್ರ ಇರುವ ಪೋರ್ಟುಗಳು ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಇವೆ. ಅಥವಾ ನಡುವೆ ಹಾಕಿದ ಹೆಬ್ಬೆರಳಷ್ಟು ದೊಡ್ಡ ಕನ್ವರ್ಟರಿನಲ್ಲಿ 2.0ರ ತಂತಿಗಳಷ್ಟೇ ಇರಬಹುದು. ಫೋನಿಗೆ ಪೆನ್‌ಡ್ರೈವ್ ಹಾಕಲು ಕೊಡುವ ಓಟಿಜಿ ತುಂಡುಗಳು ಹಲವು ಹೀಗೆಯೇ. ಮೂರನೆಯದು ನಂಬಲು ಕಷ್ಟ, ಆದರೆ ನಿಜ: ಅಗಲದ 3.0 ಪ್ಲಗ್ಗನ್ನು ತೀರಾ ನಿಧಾನಕ್ಕೆ ತಳ್ಳಿದರೆ ಮುಂದಿನ ನಾಲ್ಕು ಪಟ್ಟಿಗಳು ಮೊದಲು ತಾಗಿ, ಲ್ಯಾಪ್‌ಟಾಪ್ ಅದನ್ನು 2.0 ಎಂದೇ ದಾಖಲಿಸಿಬಿಡುತ್ತದೆ. ತೆಗೆದು, ಒಂದೇ ಸಲಕ್ಕೆ ಗಟ್ಟಿಯಾಗಿ ತಳ್ಳಿ.

ಕನ್ನಡ ಮಾಧ್ಯಮ ಶಾಲೆಗಳಲ್ಲಿ, ಕೇರಳದ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೈಟ್ ಸಂಸ್ಥೆ ಕೊಡುವ ಗ್ನು/ಲಿನಕ್ಸ್ ಬಳಸುವ ಮಾಷ್ಟ್ರು, ಟೀಚರುಗಳಿಗೆ ಈ ಪತ್ತೆ ಇನ್ನೂ ಸುಲಭ. ಟರ್ಮಿನಲಿನಲ್ಲಿ ಎಲ್‌ಎಸ್‌ಯುಎಸ್‌ಬಿ ಕಮಾಂಡಿಗೆ ಹೈಫನ್ ಟಿ ಸೇರಿಸಿ ಕೊಟ್ಟರೆ ಅಡಾಪ್ಟರಿನ ಸಾಲಿನ ಕೊನೆಯಲ್ಲಿ 480 ಅಥವಾ 5000 ಎಂದು ಬರುತ್ತದೆ. 5000 ಇದ್ದರೆ 3.0. ಅದೇ ಸಾಲಿನಲ್ಲಿ ಡ್ರೈವರಿನ ಹೆಸರೂ ಇರುತ್ತದೆ. ರಿಯಲ್‌ಟೆಕ್ ಗಿಗಾಬಿಟ್ ಚಿಪ್ಪಿಗೆ ಆರ್8152 ಎಂದು ಬರಬೇಕು (8153ಕ್ಕೂ ಡ್ರೈವರ್ ಅದೇ).

ಇಂಟರ್‌ನೆಟ್ ಸ್ಪೀಡ್ ಟೆಸ್ಟ್ ನೋಡಿ ಅಡಾಪ್ಟರನ್ನು ಬೈಯುವವರಿಗೆ ಒಂದು ಮಾತು. ನಿಮ್ಮ ಪ್ಲಾನ್ 50 ಮೆಗಾಬಿಟ್ಟಿನದ್ದಾದರೆ ಯಾವ ಅಡಾಪ್ಟರ್ ಹಾಕಿದರೂ 50ಕ್ಕಿಂತ ಹೆಚ್ಚು ಬಾರದು.

ಗಳಿಗೆಗೊಮ್ಮೆ ಕಡಿಯುವ ಲಿಂಕ್

ಜನ ಹೆಚ್ಚು ಬೇಸತ್ತುಕೊಳ್ಳುವುದು ಇದರಿಂದ. ಇದರ ಬೇರು ಹೆಚ್ಚಾಗಿ ಕರೆಂಟಿನಲ್ಲಿರುತ್ತದೆ. ಯಾವಾಗ ಕಡಿಯುತ್ತದೆ ಎಂಬುದನ್ನು ಮೊದಲು ಗಮನಿಸಿ.

ಕೆಲಸವಿಲ್ಲದೆ ಸ್ವಲ್ಪ ಹೊತ್ತು ಬಿಟ್ಟಾಗ ಹೋಗಿ, ಮೌಸ್ ಅಲ್ಲಾಡಿಸಿದ ಮೇಲೆ ಬರುತ್ತದೆಯೇ? ಹಾಗಾದರೆ ಲ್ಯಾಪ್‌ಟಾಪ್ ಬ್ಯಾಟರಿ ಉಳಿಸಲು ಅಡಾಪ್ಟರನ್ನು ಮಲಗಿಸುತ್ತಿದೆ. ಡಿವೈಸ್ ಮ್ಯಾನೇಜರಿನಲ್ಲಿ ಅಡಾಪ್ಟರಿನ ಪ್ರಾಪರ್ಟೀಸ್, ಪವರ್ ಮ್ಯಾನೇಜ್‌ಮೆಂಟ್, ಅಲ್ಲಿ ಕರೆಂಟು ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಅರ್ಥದ ಸಾಲಿನ ಟಿಕ್ ತೆಗೆಯಿರಿ. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್‌ನಲ್ಲಿ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಕೂಡ ಡಿಸೇಬಲ್ ಮಾಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಕೆಲವಕ್ಕೆ ಈ ಸಾಲು ಕಾಣಿಸುವುದಿಲ್ಲ, ಆಗ ಮೊದಲನೆಯದಷ್ಟೇ ಸಾಕು. ಲಿನಕ್ಸ್‌ನಲ್ಲಿ ಬ್ಯಾಟರಿ ಉಳಿತಾಯಕ್ಕೆಂದು ಟಿಎಲ್‌ಪಿ ಹಾಕಿಕೊಂಡವರು ಅದರ ಯುಎಸ್‌ಬಿ ಡಿನೈ ಲಿಸ್ಟ್‌ಗೆ (ಮಲಗಿಸಬಾರದ ಸಾಧನಗಳ ಪಟ್ಟಿ) ಅಡಾಪ್ಟರಿನ ಐಡಿ ಸೇರಿಸಬೇಕು.

ಕೆಲಸದ ನಡುವೆಯೇ ಒಂದೆರಡು ಸೆಕೆಂಡು ಹೋಗಿ ಬರುತ್ತದೆಯೇ? ಅದೇ ಪ್ರಾಪರ್ಟೀಸ್‌ನ ಅಡ್ವಾನ್ಸ್‌ಡ್ ಪುಟದಲ್ಲಿ ‘ಎನರ್ಜಿ ಎಫಿಶಿಯೆಂಟ್ ಈಥರ್ನೆಟ್’, ‘ಗ್ರೀನ್ ಈಥರ್ನೆಟ್’ ಎರಡನ್ನೂ ಆಫ್ ಮಾಡಿ ನೋಡಿ. 2010ರಲ್ಲಿ ಮಾನಕವಾದ ಈ ಉಳಿತಾಯದ ವಿದ್ಯೆಯಲ್ಲಿ, ಮಾತಿಲ್ಲದಾಗ ಲಿಂಕಿನ ಎರಡೂ ತುದಿ ತೂಕಡಿಸುತ್ತವೆ. ಎರಡೂ ಒಂದೇ ಹೊತ್ತಿಗೆ ಎಚ್ಚರಾಗುವುದರಲ್ಲಿ ತಾಳ ತಪ್ಪಿದರೆ ಲಿಂಕ್ ಬೀಳುತ್ತದೆ. ಉಳಿಯುವ ವಿದ್ಯುತ್ ಎಷ್ಟೋ ಅಲ್ಪ, ಆಫ್ ಮಾಡಿದರೆ ನಷ್ಟವೇನಿಲ್ಲ. ಚಾರ್ಜರ್ ತೆಗೆದ ಕೂಡಲೇ ವೇಗ ಕುಸಿಯುವುದಾದರೆ ಅದೇ ಪುಟದಲ್ಲಿ ‘ಬ್ಯಾಟರಿ ಮೋಡ್ ಲಿಂಕ್ ಸ್ಪೀಡ್’ ಎಂಬುದು ಇದೆಯೇ ನೋಡಿ. ರಿಯಲ್‌ಟೆಕ್ ಡ್ರೈವರುಗಳಲ್ಲಿ ಕೆಲವಕ್ಕೆ ಅದು ಉಂಟು.

ಈಗ ಹಬ್. ತೆಳು ಲ್ಯಾಪ್‌ಟಾಪಿನಲ್ಲಿ ಇರುವುದೇ ಎರಡು ಟೈಪ್-ಸಿ ಪೋರ್ಟ್. ಸರ್ಕಾರಿ ಅರ್ಜಿ ಸಲ್ಲಿಸುವ ಅಕ್ಷಯ ಕೇಂದ್ರದಂಥ ಕಡೆ ಬೆರಳಿನ ಗುರುತು ಓದುವ ಯಂತ್ರ, ಸ್ಕ್ಯಾನರ್, ಪ್ರಿಂಟರ್, ವೆಬ್ ಕ್ಯಾಮೆರಾ ಎಲ್ಲವೂ ಬೇಕು. ಹಾಗಾಗಿ ಒಂದು ಹಬ್, ಅದರಲ್ಲೇ ಲ್ಯಾನ್. ಲ್ಯಾಪ್‌ಟಾಪಿನ 3.0 ಪೋರ್ಟು ಕೊಡಬೇಕೆಂದು ನಿಯಮವಿರುವುದು 900 ಮಿಲಿಆಂಪ್, 2.0 ಆದರೆ 500. ಪ್ರತ್ಯೇಕ ಕರೆಂಟಿಲ್ಲದ ಹಬ್ಬಿನಲ್ಲಿ ಅಷ್ಟನ್ನೇ ಎಲ್ಲರೂ ಹಂಚಿಕೊಳ್ಳಬೇಕು. ಬೆರಳಿಡುವ ಯಂತ್ರದ ದೀಪ ಹೊತ್ತಿದ ಗಳಿಗೆಗೆ, ಅಥವಾ ಸ್ಕ್ಯಾನರಿನ ಮೋಟಾರು ತಿರುಗಿದ ಗಳಿಗೆಗೆ ಲ್ಯಾನ್ ಬೀಳುವುದಾದರೆ ಕರೆಂಟು ಸಾಲುತ್ತಿಲ್ಲ ಎಂದೇ ಲೆಕ್ಕ. ಅರ್ಜಿದಾರರು ಎದುರು ನಿಂತಿರುವಾಗ “ಸರ್ವರ್ ಬಿಜಿ” ಎಂದು ಹೇಳಿ ಕಳಿಸುವ ಎಷ್ಟೋ ಪ್ರಸಂಗಗಳಲ್ಲಿ ಸರ್ವರಿನ ತಪ್ಪು ಏನೂ ಇರುವುದಿಲ್ಲ. ಪರೀಕ್ಷೆ ಸುಲಭ: ಲ್ಯಾನ್ ಬಿಟ್ಟು ಬೇರೆಲ್ಲವನ್ನೂ ಹಬ್ಬಿನಿಂದ ತೆಗೆದು ಪಿಂಗ್ ಓಡಿಸಿ, ನಂತರ ಒಂದೊಂದಾಗಿ ಸೇರಿಸಿ. ಯಾವುದು ಸೇರಿದಾಗ ಪಿಂಗ್ ಮುಗ್ಗರಿಸಿತೋ ಅದನ್ನು ಬೇರೆ ಪೋರ್ಟಿಗೆ ಸಾಗಿಸಿ, ಇಲ್ಲವೇ ತನ್ನದೇ ಚಾರ್ಜರ್ ಇರುವ ಹಬ್ ತನ್ನಿ.

ತನ್ನದೇ ಚಾರ್ಜರ್ ಇರುವ ಹಬ್ಬಿಗೂ ಒಂದು ಕಾಟ ಉಂಟು, ಅದು ನಮ್ಮ ಕಡೆ ಹೆಚ್ಚು ಗೋಚರಿಸುತ್ತದೆ. ಲ್ಯಾಪ್‌ಟಾಪ್ ಚಾರ್ಜರನ್ನು ಹಬ್ಬಿನ ಮೂಲಕವೇ ಕೊಡುವ ವ್ಯವಸ್ಥೆಗೆ ಪವರ್ ಡೆಲಿವರಿ ಎಂದು ಹೆಸರು. ಚಾರ್ಜರ್, ಹಬ್, ಲ್ಯಾಪ್‌ಟಾಪ್ ಮೂರೂ ತಮ್ಮೊಳಗೆ ಮಾತಾಡಿ ಎಷ್ಟು ವೋಲ್ಟ್, ಎಷ್ಟು ಆಂಪ್, ಯಾರು ಯಾರಿಗೆ ಕೊಡಬೇಕು ಎಂದು ತೀರ್ಮಾನಿಸುತ್ತವೆ. ಗಾಳಿಗೆ ಲೈನಿಗೆ ತೆಂಗಿನ ಮಡಲು ತಾಗಿ ಕರೆಂಟು ಒಂದು ಕ್ಷಣ ಹೋಗಿ ಬಂದರೆ ಆ ಮಾತುಕತೆ ಮೊದಲಿನಿಂದ ಶುರು. ಆ ಹೊತ್ತಿಗೆ ಹಬ್ಬಿಗೆ ಕರೆಂಟು ಕೊಡಬೇಕಾದವರು ಬದಲಾಗುತ್ತಾರೆ; ಒಳ್ಳೆಯ ಹಬ್ ಅದನ್ನು ಸಂಭಾಳಿಸುತ್ತದೆ, ಸಾಧಾರಣದ್ದು ಪೂರ್ತಿ ರೀಸೆಟ್ ಆಗುತ್ತದೆ. ಮೋಡೆಮ್ ಇನ್ವರ್ಟರಿನಲ್ಲಿ ಇರುವುದರಿಂದ ಅದಕ್ಕೆ ಏನೂ ಆಗಿರುವುದಿಲ್ಲ, ಲ್ಯಾಪ್‌ಟಾಪಿಗೆ ಬ್ಯಾಟರಿ ಉಂಟು, ಆದರೂ ಮೀಟಿಂಗ್ ಕಡಿಯಿತು. ಮನೆಯವರು ಫೈಬರನ್ನು ಬೈಯುತ್ತಾರೆ. ಸಂಶಯವಿದ್ದರೆ ಪಿಂಗ್ ಓಡುತ್ತಿರುವಾಗ ಹಬ್ಬಿನ ಚಾರ್ಜರನ್ನು ಕೈಯಾರೆ ಕಿತ್ತು ನೋಡಿ. ಪಿಂಗ್ ನಿಂತರೆ ಅಪರಾಧಿ ಸಿಕ್ಕಿದ. ಪರಿಹಾರವೂ ಸರಳ: ಚಾರ್ಜರ್ ನೇರ ಲ್ಯಾಪ್‌ಟಾಪಿನ ಒಂದು ಪೋರ್ಟಿಗೆ, ಬರೇ ಲ್ಯಾನಿನ ಅಡಾಪ್ಟರ್ ಇನ್ನೊಂದಕ್ಕೆ. ಅದು ಆಗದಿದ್ದರೆ ಹಬ್ಬಿನ ಚಾರ್ಜರನ್ನು ಇನ್ವರ್ಟರ್ ಲೈನಿನ ಪ್ಲಗ್ಗಿಗೆ ಹಾಕಿ.

ಬಿಸಿಯ ಬಗ್ಗೆ ವಿಚಾರಿಸುವವರಿದ್ದಾರೆ. ಗಿಗಾಬಿಟ್ ಅಡಾಪ್ಟರ್ ಕೈಗೆ ಬೆಚ್ಚಗೆ ತಾಗುವುದು ಸಹಜ. ಏಪ್ರಿಲ್, ಮೇ ಸೆಕೆಯಲ್ಲಿ ದೊಡ್ಡ ಫೈಲ್ ಇಳಿಯುವಾಗಷ್ಟೇ ಬಿದ್ದು, ತಣಿದ ಮೇಲೆ ಸರಿಯಾಗುವುದಾದರೆ ಮಾತ್ರ ಬಿಸಿಯನ್ನು ದೂರಬೇಕು. ಲ್ಯಾಪ್‌ಟಾಪಿನ ಬಿಸಿಗಾಳಿ ಬರುವ ಕಡೆಯಿಂದ ಅಡಾಪ್ಟರನ್ನು ದೂರ ಸರಿಸಿ ನೋಡಿ.

ಲಿಂಕ್ ಇದೆ, ವಿಳಾಸ ಇಲ್ಲ

ದೀಪ ಹೊತ್ತಿದೆ, ನೆಟ್ ಇಲ್ಲ, ಐಪಿಕಾನ್ಫಿಗ್‌ನಲ್ಲಿ ವಿಳಾಸ 169.254ರಿಂದ ಶುರುವಾಗಿದೆ ಎಂದರೆ ರೂಟರಿನಿಂದ ವಿಳಾಸ ಸಿಗದೆ ಲ್ಯಾಪ್‌ಟಾಪ್ ತಾನೇ ಒಂದನ್ನು ಇಟ್ಟುಕೊಂಡಿದೆ. ರೂಟರನ್ನು ಆಫ್ ಮಾಡಿ ಆನ್ ಮಾಡಿ, ಕೇಬಲ್ ಬದಲಿಸಿ. ಹಳೆಯ ಅಡಾಪ್ಟರಿನಲ್ಲಿ ಬರುತ್ತಿದ್ದದ್ದು ಹೊಸತರಲ್ಲಿ ಬಾರದಿದ್ದರೆ ಹೊಸ ಅಡಾಪ್ಟರ್ ಹಾಳೆಂದು ವಾಪಸ್ ಕೊಡಲು ಓಡಬೇಡಿ. ಕೇಬಲ್ ನೆಟ್ ಕೊಡುವವರಲ್ಲಿ ಕೆಲವರು ಮ್ಯಾಕ್ ಅಡ್ರೆಸ್ಸನ್ನು ಖಾತೆಗೆ ಕಟ್ಟಿಹಾಕಿರುತ್ತಾರೆ. ಅಡಾಪ್ಟರ್ ಬದಲಾದರೆ ಮ್ಯಾಕ್ ಕೂಡ ಬದಲಾಗುತ್ತದೆ. ಅವರಿಗೆ ಹೇಳಿ ಬದಲಿಸಿಕೊಳ್ಳಬೇಕು. ಓಎನ್‌ಟಿಯನ್ನು ಬ್ರಿಜ್ ಮೋಡಿನಲ್ಲಿ (ತಾನು ರೂಟರಿನ ಕೆಲಸ ಮಾಡದೆ ಸಂಪರ್ಕವನ್ನು ಹಾಗೇ ದಾಟಿಸುವ ಕ್ರಮ) ಇಟ್ಟಿದ್ದರೆ ಲ್ಯಾಪ್‌ಟಾಪಿನಲ್ಲೇ ಪಿಪಿಪಿಒಇ, ಅಂದರೆ ಕನೆಕ್ಷನ್ನಿಗೆ ಲಾಗಿನ್ ಆಗುವ ಹೆಸರು, ಪಾಸ್‌ವರ್ಡ್ ಕೊಡಬೇಕಾಗುತ್ತದೆ. ನಡುವೆ ಒಂದು ರೂಟರ್ ಇಟ್ಟುಕೊಂಡರೆ ಈ ಎರಡು ತಲೆನೋವೂ ಇಲ್ಲ.

ಅಡಾಪ್ಟರ್ ಹಾಕಿದ ಮೇಲೆ ವೈರ್‌ಲೆಸ್ ಮೌಸ್ ತಡವರಿಸುವುದೂ ಉಂಟು. ಯುಎಸ್‌ಬಿ 3.0 ಹೊರಸೂಸುವ ರೇಡಿಯೋ ಗದ್ದಲ ಇಂಥ ಮೌಸ್ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳಿಗೆ ಅಡ್ಡಬರುತ್ತದೆಂದು ಇಂಟೆಲ್ 2012ರಲ್ಲೇ ಬರೆದು ಪ್ರಕಟಿಸಿತ್ತು. ಮೌಸಿನ ಡಾಂಗಲನ್ನು ಇನ್ನೊಂದು ಬದಿಯ ಪೋರ್ಟಿಗೆ ಹಾಕಿದರೆ ಮುಗಿಯಿತು.

ಸಿಡಿಲಿನ ನಂತರ

ಬೇಸಗೆಯ ಕೊನೆಯ ಗುಡುಗುಮಳೆ, ತುಲಾ ತಿಂಗಳ ಸಂಜೆ ಸಿಡಿಲು. ಕಾಸರಗೋಡಿನಲ್ಲಿ ಅಡಾಪ್ಟರುಗಳು ನಿಜವಾಗಿಯೂ ಸಾಯುವುದು ಈ ಎರಡು ಹೊತ್ತಿನಲ್ಲಿ. ಲಕ್ಷಣ ವಿಚಿತ್ರ: ಲ್ಯಾಪ್‌ಟಾಪ್ ಅಡಾಪ್ಟರನ್ನು ಗುರುತಿಸುತ್ತದೆ, ಡ್ರೈವರ್ ಸರಿ, ಹಾರ್ಡ್‌ವೇರ್ ಐಡಿ ಸರಿ, ಆದರೆ ಯಾವ ಕೇಬಲ್ ಹಾಕಿದರೂ ‘ಕೇಬಲ್ ಚುಚ್ಚಿಲ್ಲ’ ಎಂದೇ ಹೇಳುತ್ತದೆ. ಚಿಪ್ಪಿನ ಯುಎಸ್‌ಬಿ ಭಾಗ ಬದುಕಿದೆ, ಲ್ಯಾನ್ ತಂತಿಗೆ ಮುಖ ಮಾಡಿದ ಭಾಗ ಸುಟ್ಟಿದೆ. ಈಥರ್ನೆಟ್ ಪೋರ್ಟಿನೊಳಗಿನ ಸಣ್ಣ ಟ್ರಾನ್ಸ್‌ಫಾರ್ಮರ್ 1500 ವೋಲ್ಟ್ ತಡೆಯುವ ಹಾಗೆ ಮಾಡಿರುತ್ತಾರೆ. ಹತ್ತಿರ ಬಿದ್ದ ಸಿಡಿಲಿಗೆ ಅದು ಲೆಕ್ಕವೇ ಅಲ್ಲ. ಓಎನ್‌ಟಿಯಲ್ಲೂ ಅದೇ ಪೋರ್ಟ್ ಹೋಗಿರಬಹುದು, ಹಾಗಾಗಿ ಅಡಾಪ್ಟರಿಗೆ ಮರಣಪತ್ರ ಬರೆಯುವ ಮೊದಲು ಕೇಬಲನ್ನು ಪಕ್ಕದ ಲ್ಯಾನ್ ಪೋರ್ಟಿಗೆ ಹಾಕಿ ನೋಡಿ.

ಫೈಬರಿನೊಳಗಿನ ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ಆದರೆ ಕಂಬದಿಂದ ಬರುವ ಫೈಬರ್ ಕೇಬಲಿಗೆ ಆಧಾರಕ್ಕೆ ಉಕ್ಕಿನ ತಂತಿ ಇರುತ್ತದೆ. ಅದನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಿದ್ದಾರೆಯೇ ನೋಡಿ. ಅಪಾಯ ಹೆಚ್ಚಿರುವುದು ಮನೆಯಿಂದ ಅಂಗಳ ದಾಟಿ ಅಡಿಕೆ ಕೊಟ್ಟಿಗೆಗೋ ಹೊರಗಿನ ಆಫೀಸು ಕೋಣೆಗೋ ಎಳೆದ ತಾಮ್ರದ ಲ್ಯಾನ್ ಕೇಬಲಿಗೆ. ಆ ದೂರಕ್ಕೆ ಫೈಬರ್ ಹಾಕಿ ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲಿಗೆ ಜೋಡಿಸುವ ಪೆಟ್ಟಿಗೆ) ಇಡುವುದೇ ವಾಸಿ. ಗುಡುಗು ಶುರುವಾದಾಗ ಟಿವಿಯ ಪ್ಲಗ್ ತೆಗೆಯುವ ಅಭ್ಯಾಸ ಎಲ್ಲರಿಗೂ ಉಂಟು. ಲ್ಯಾಪ್‌ಟಾಪಿನ ಚಾರ್ಜರ್ ಜೊತೆಗೆ ಲ್ಯಾನ್ ಕೇಬಲನ್ನೂ ಕಿತ್ತಿಡಿ.

ಹೊಸತನ್ನು ಕೊಳ್ಳುವುದಾದರೆ

ಇಷ್ಟು ತನಿಖೆ ಆದ ಮೇಲೂ ಹೊಸತು ಬೇಕೆಂದಾದರೆ ನನ್ನ ಮತ ಇದು. ಹೆಚ್ಚಿನವರಿಗೆ ರಿಯಲ್‌ಟೆಕ್ 8153 ಚಿಪ್ ಇರುವ ಗಿಗಾಬಿಟ್ ಅಡಾಪ್ಟರ್. ವಿಂಡೋಸ್ 10, 11 ಎರಡರಲ್ಲೂ ಲಿನಕ್ಸ್‌ನಲ್ಲೂ ಡ್ರೈವರ್ ಹುಡುಕುವ ಗೋಜಿಲ್ಲದೆ ಓಡುತ್ತದೆ. ಏಸಿಕ್ಸ್ 88179 ಕುಟುಂಬದ್ದೂ ಒಳ್ಳೆಯದೇ. 2.5 ಗಿಗಾಬಿಟ್ಟಿನದ್ದು ಮನೆಯಲ್ಲಿ ಅಷ್ಟೇ ವೇಗದ ರೂಟರೋ ಸ್ಟೋರೇಜ್ ಸರ್ವರೋ ಇದ್ದರೆ ಮಾತ್ರ. ಇಲ್ಲದಿದ್ದರೆ ಅದೂ 1000ಕ್ಕೇ ಕೂರುತ್ತದೆ. ಪ್ಲಾನ್ 100 ಮೆಗಾಬಿಟ್ಟಿನ ಒಳಗಿದ್ದು ಮನೆಯೊಳಗೆ ಫೈಲ್ ಸಾಗಿಸುವ ಕೆಲಸವಿಲ್ಲದವರಿಗೆ ರಿಯಲ್‌ಟೆಕ್ 8152 ಕೂಡ ಸಾಕು, ಬಿಸಿಯೂ ಕಡಿಮೆ, ಕರೆಂಟೂ ಕಡಿಮೆ ಎಳೆಯುತ್ತದೆ. ಅಂಗಡಿಯವರು ದೊಡ್ಡ ಅಂಕಿ ಹೇಳಿದ ಮಾತ್ರಕ್ಕೆ ಮರುಳಾಗಬೇಕಿಲ್ಲ.

ಲ್ಯಾಪ್‌ಟಾಪಿನ ಪೋರ್ಟ್ ಯಾವುದೋ ಅದೇ ಪ್ಲಗ್ಗಿನದ್ದನ್ನು ಕೊಳ್ಳಿ. ಕನ್ವರ್ಟರ್ ನಡುವೆ ಬಂದಷ್ಟೂ ಸಂಶಯಕ್ಕೆ ಜಾಗ. ಪೆನ್‌ಡ್ರೈವಿನ ಹಾಗೆ ನೇರ ಚಾಚಿಕೊಳ್ಳುವ ಗಟ್ಟಿ ಅಡಾಪ್ಟರ್ ಬೇಡ. ಲ್ಯಾನ್ ಕೇಬಲ್ ಎಳೆದಾಗೆಲ್ಲ ಅದರ ಭಾರ ಪೂರ್ತಿ ತೆಳು ಲ್ಯಾಪ್‌ಟಾಪಿನ ಟೈಪ್-ಸಿ ಪೋರ್ಟಿನ ಮೇಲೆ ಬೀಳುತ್ತದೆ, ಅದು ಸಡಿಲಾದರೆ ಮದರ್‌ಬೋರ್ಡಿನ ರಿಪೇರಿ. ಗೇಣಿಗಿಂತ ಚಿಕ್ಕ ಬಾಲದ ತಂತಿ ಇರುವುದು ಒಳ್ಳೆಯದು, ಮೈ ಲೋಹದ್ದಾದರೆ ಬಿಸಿ ಹೊರಹೋಗಲು ಅನುಕೂಲ. ಲ್ಯಾನ್ ಸಾಕೆಟ್ ಬಾಯಿ ಮಡಚುವ ನಮೂನೆಯದ್ದು ನೋಡಲು ಚಂದ, ಮಡಚುವ ತುಂಡು ಬೇಗ ಸವೆಯುತ್ತದೆ. ಎಲ್ಲ ಪೋರ್ಟುಗಳೂ ಬೇಕೆಂದು ಹಬ್ ಕೊಳ್ಳುವವರು ಕೂಡ ಮೀಟಿಂಗ್, ಪರೀಕ್ಷೆಯಂಥ ತಪ್ಪಬಾರದ ಕೆಲಸಕ್ಕೆ ಬರೇ ಲ್ಯಾನಿನದ್ದೊಂದನ್ನು ಬ್ಯಾಗಿನಲ್ಲಿ ಇಟ್ಟುಕೊಳ್ಳುವುದು ಕ್ಷೇಮ.

ಕಾಸರಗೋಡು ಪೇಟೆಯಲ್ಲೋ ಮಂಗಳೂರಿನಲ್ಲೋ ಕೊಳ್ಳುವುದಾದರೆ ಲ್ಯಾಪ್‌ಟಾಪನ್ನೂ ಒಂದು ಒಳ್ಳೆಯ ಗಿಡ್ಡ ಲ್ಯಾನ್ ಕೇಬಲನ್ನೂ ಜೊತೆಗೆ ಒಯ್ಯಿರಿ. ಅಂಗಡಿಯ ರೂಟರಿಗೇ ಚುಚ್ಚಿ ಹಾರ್ಡ್‌ವೇರ್ ಐಡಿ, ಲಿಂಕ್ ಸ್ಪೀಡ್ ಎರಡನ್ನೂ ಅಲ್ಲೇ ನೋಡಿ. ಆನ್‌ಲೈನಿನಲ್ಲಿ ತರಿಸಿದ್ದಾದರೆ ವಾಪಸ್ ಕೊಡುವ ಗಡುವಿನ ಒಳಗೆ ಒಂದು ಮಧ್ಯಾಹ್ನವಿಡೀ ದೊಡ್ಡ ಫೈಲ್ ಇಳಿಸುತ್ತಾ ಪಿಂಗ್ ಓಡಿಸಿಡಿ. ಅಂಗಡಿಯವರು “ಬಾಕ್ಸ್ ಒಡೆದರೆ ವಾಪಸಿಲ್ಲ” ಎಂದರೆ ಚಿಪ್ ನಂಬರನ್ನು ಬಿಲ್ಲಿನ ಮೇಲೆ ಬರೆದು ಕೊಡಲು ಹೇಳಿ. ಬರೆಯಲು ಒಪ್ಪದಿದ್ದರೆ ಪಕ್ಕದ ಅಂಗಡಿ ಉಂಟು.